ಮುನ್ನಿನ ಕಥೆಯ ಹೊಣೆ: ಸಿರಿ ಸಂಧಿ, ಕಾಂತಾರ ಮತ್ತು ವೆಬ್ ಸರಣಿ

ಮುಗಿದ ಕಥೆಯ ಹಿಂದಕ್ಕೆ ಹೋಗಿ ಇನ್ನೊಂದು ಕಥೆ ಕಟ್ಟುವ ಪ್ರೀಕ್ವೆಲ್ ಎಂಬ ಬಗೆಯನ್ನು ಮಾಧ್ಯಮ ಅಧ್ಯಯನಗಳು ಹೆಚ್ಚಾಗಿ ಮಾರುಕಟ್ಟೆಯ ತಂತ್ರವೆಂದೇ ನೋಡುತ್ತವೆ. ಅದನ್ನು ಉಡುಪಿ ಸೀಮೆಯ ಪಾಡ್ದನಗಳೆಂಬ ತುಳು ಕಥನಗೀತೆಗಳ ಪಕ್ಕದಲ್ಲಿಟ್ಟರೆ ಬೇರೊಂದು ಪ್ರಶ್ನೆ ಮುಂದೆ ಬರುತ್ತದೆ: ಮುನ್ನಿನ ಕಥೆ ಹೇಳುವುದು ಯಾರ ಹಕ್ಕು, ಯಾವ ಕೆಲಸಕ್ಕೆ?

ಮೊದಲು ಮಾರುಕಟ್ಟೆಯ ಪ್ರೀಕ್ವೆಲ್ ಒಂದನ್ನು ನೋಡೋಣ. ಅಮೆರಿಕದ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' 1978ರಲ್ಲಿ ಹುಟ್ಟಿ 2003ರಲ್ಲಿ ಹೊಸ ರೂಪ ಪಡೆದ ವೈಜ್ಞಾನಿಕ ಕಥನ. ಅದರ ಹಿರಿಯ ದಂಡನಾಯಕ ವಿಲಿಯಂ ಅಡಾಮನ ಯೌವನವನ್ನು ಹೇಳುವ 'ಬ್ಲಡ್ ಅಂಡ್ ಕ್ರೋಮ್' 2012ರ ನವೆಂಬರ್‌ನಲ್ಲಿ 10 ಕಂತುಗಳ ವೆಬ್ ಸರಣಿಯಾಗಿ ಬಂತು. ಮರುವರ್ಷ ಫೆಬ್ರವರಿಯಲ್ಲಿ ಟಿವಿಯಲ್ಲಿ ಪ್ರಸಾರವಾಯಿತು. ಮನುಷ್ಯರೇ ಮಾಡಿದ ಸೈಲಾನ್ ಯಂತ್ರಗಳೊಂದಿಗಿನ ಮೊದಲ ಯುದ್ಧದ ಕಾಲ ಅದು. ಅಡಾಮ ಬದುಕಿ ಉಳಿಯುತ್ತಾನೆಂಬುದು ನೋಡುಗರಿಗೆ ಮೊದಲೇ ಗೊತ್ತು. ಹಾಗಾಗಿ ಮುಂದೇನಾಯಿತು ಎಂಬುದಕ್ಕಿಂತ ಈತ ಹೀಗೇಕಾದ ಎಂಬುದೇ ಅಲ್ಲಿ ಕುತೂಹಲ. ವ್ಯಕ್ತಿಯ ಮನಸ್ಸನ್ನು ವಿವರಿಸುವುದಕ್ಕೆ ಹೊರಟ ಪೂರ್ವಕಥೆ ಇದು.

ಪಾಡ್ದನ ಕೇಳುವವರಿಗೂ ಕೊನೆ ಗೊತ್ತು. ಅವಳಿ ವೀರರಾದ ಕೋಟಿ ಚೆನ್ನಯರು ಎಣ್ಮೂರಿನಲ್ಲಿ ಮಡಿದರೆಂದು ಕಾಪುವಿನಿಂದ ಕಾರ್ಕಳದವರೆಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಹಾಡು ತಾಯಿ ದೇಯಿ ಬೈದೆತಿಯ ಕಥೆಯನ್ನು ದಾಟಿಯೇ ಮಕ್ಕಳ ಕಡೆಗೆ ಬರಬೇಕು. ಆಕೆ ಪಡುಮಲೆ ಬಲ್ಲಾಳನ ಕಾಲಿಗೆ ಮದ್ದು ಮಾಡಿ ಬದುಕಿಸಿದವಳು. ಅರಮನೆಯ ಮೇಲಿನ ಆ ಋಣವನ್ನು ತಿಳಿಯದೆ ಮಕ್ಕಳ ಸಿಟ್ಟು ನ್ಯಾಯದ್ದೆಂದು ಕಾಣುವುದಿಲ್ಲ. ಸಿರಿ ಎಂಬ ಹೆಣ್ಣಿನ ಪಾಡ್ದನವಾದ ಸಿರಿ ಸಂಧಿಯಲ್ಲಂತೂ ಇದು ಇನ್ನೂ ಸ್ಪಷ್ಟ. ಸಿರಿ ಹುಟ್ಟುವ ಮೊದಲೇ ಅಜ್ಜ ಬಿರ್ಮಾಳ್ವರ ಸಂತಾನವಿಲ್ಲದ ಸತ್ಯನಾಪುರದ ಅರಮನೆಯಿದೆ, ಬೆರ್ಮರೆಂಬ ದೈವದ ಪಾಳುಬಿದ್ದ ಗುಡಿಯಿದೆ. ಗುಡಿ ಜೀರ್ಣೋದ್ಧಾರವಾದ ಮೇಲೆ ದೈವದ ಪ್ರಸಾದವಾದ ಹಿಂಗಾರದಿಂದ ಸಿರಿ ಹುಟ್ಟುತ್ತಾಳೆ. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾಗಿ, ಅವನನ್ನು ಬಿಟ್ಟು ಹೊರಬರುವ ಆಕೆಯ ಧೈರ್ಯಕ್ಕೂ ಅಜ್ಜನ ಮನೆಯ ಹಕ್ಕನ್ನು ಕೇಳುವ ದಿಟ್ಟತನಕ್ಕೂ ಈ ಮುನ್ನಿನ ಕಥೆಯೇ ಆಧಾರ. ಇಲ್ಲಿ ಪೂರ್ವಕಥೆ ವಂಶದ, ನೆಲದ, ಹರಕೆಯ ದಾಖಲೆ.

ಹುಣ್ಣಿಮೆಯ ರಾತ್ರಿ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ನಡೆಯುವ ಸಿರಿಜಾತ್ರೆಯಲ್ಲಿ ಕಥೆ ಕ್ರಮವಾಗಿ ಸಾಗುವುದಿಲ್ಲ. ಹಿಂಗಾರ ಹಿಡಿದು ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬರ ಮೈಮೇಲೆ ಸಿರಿ ಬರುತ್ತಾಳೆ, ಪಕ್ಕದವರ ಮೇಲೆ ಮಗಳು ಸೊನ್ನೆ, ಇನ್ನೊಬ್ಬರ ಮೇಲೆ ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಸತ್ತ ಅವಳಿಗಳಲ್ಲೊಬ್ಬಳಾದ ದಾರಗೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಅಂಗಳದಲ್ಲಿ ಒಂದೇ ಹೊತ್ತಿಗೆ ಮಾತಾಡುತ್ತಾರೆ. ಹೊಸದಾಗಿ ಆವೇಶ ಬಂದವಳು ಬಾಯಿಬಿಡದಿದ್ದರೆ ಸಿರಿಯ ಮಗ ಕುಮಾರನ ಆವೇಶ ಹೊತ್ತ ಪಾತ್ರಿ ಎದುರು ನಿಂತು ನೀನು ಯಾರು ಎಂದು ಸಾವಧಾನವಾಗಿ ವಿಚಾರಿಸುತ್ತಾನೆ. ಸಿರಿಯ ಬಳಗದಲ್ಲಿ ತಾನು ಯಾರೆಂದು ಆಕೆ ಹೇಳಿದರಷ್ಟೇ ಅವಳಿಗೆ ಆ ಸಾಲಿನಲ್ಲಿ ಜಾಗ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ: ಮುನ್ನಿನ ಕಥೆ ಇಲ್ಲಿ ಬದುಕಿರುವ ಹೆಂಗಸಿಗೆ ನೆಂಟಸ್ತನವನ್ನು ಕೊಡುತ್ತದೆ.

2022ರ 'ಕಾಂತಾರ' ಸಿನಿಮಾ ಈ ಬಗೆಯ ಕಥನವನ್ನು ಸರಿಯಾಗಿಯೇ ಹಿಡಿದಿತ್ತು. 1847ರಲ್ಲಿ ಅರಸ ದೈವಕ್ಕೆ ಕೊಟ್ಟ ಮಾತು 1990ರ ಭೂಮಿಯ ತಕರಾರಿನಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ. ಮುನ್ನುಡಿಯಾಗಿ ಬರುವ ಆ ಕಿರುಭಾಗವೇ ನಿಜಕ್ಕೂ ಪಾಡ್ದನದ ರೀತಿಯದು. 2025ರ ಅಕ್ಟೋಬರ್ 2ರಂದು ಬಿಡುಗಡೆಯಾದ 'ಕಾಂತಾರ: ಅಧ್ಯಾಯ 1' ಕದಂಬರ ಕಾಲಕ್ಕೆ ಸರಿದು, ಕಾಡಿನ ನಾಯಕ ಬೆರ್ಮೆಯನ್ನೂ ಬಾಂಗ್ರ ಅರಸರನ್ನೂ ಎದುರುಬದುರು ನಿಲ್ಲಿಸಿತು. ಕಾಡಿನ ಸರಕು ಬಂದರಿಗೆ ಇಳಿಯುವ ದೃಶ್ಯಗಳಲ್ಲಿ ಕರಾವಳಿಯ ವ್ಯಾಪಾರದ ಚರಿತ್ರೆಯಿದೆ, ಅದು ನನಗೆ ಬಹಳ ಹಿಡಿಸಿದ ಭಾಗ. ಆದರೆ ಕೊಟ್ಟ ಮಾತಿನ ಭಾರವನ್ನು ಯುದ್ಧದ ವೈಭವ ಮುಚ್ಚಿಬಿಟ್ಟಿತು. ಬಿಡುಗಡೆಯ ಬಳಿಕ ಕೆಲವು ನೋಡುಗರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ ಅನುಕರಣೆ ಮಾಡಿದರು. ಹಾಗೆ ಮಾಡಬೇಡಿರೆಂದು ನಿರ್ಮಾಣ ಸಂಸ್ಥೆಯೇ ಸಾರ್ವಜನಿಕವಾಗಿ ವಿನಂತಿಸಬೇಕಾಯಿತು. ನಂದಳಿಕೆಯಲ್ಲಿ ಕುಮಾರ ಕೇಳುವ ಪ್ರಶ್ನೆಯನ್ನು ಚಿತ್ರಮಂದಿರದಲ್ಲಿ ಕೇಳುವವರಿಲ್ಲ.

ಪಾಡ್ದನದ ಈ ಕಥನಕ್ಕೆ ಸಿನಿಮಾಕ್ಕಿಂತ ವೆಬ್ ಸರಣಿಯೇ ಹೆಚ್ಚು ಹತ್ತಿರವೆಂದು ನನಗನ್ನಿಸುತ್ತದೆ. ಸುಮಂತ್ ಭಟ್ ಮತ್ತು ಸಂದೀಪ್ ಪಿ.ಎಸ್. ರೂಪಿಸಿದ, ಉಡುಪಿಯವರೇ ಆದ ನಟ ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತ 'ಏಕಂ' ಕರಾವಳಿಯ 7 ಬಿಡಿ ಕಥೆಗಳ ಕನ್ನಡ ಸರಣಿ. ಒಟಿಟಿ ವೇದಿಕೆಗಳಲ್ಲಿ ಜಾಗ ಸಿಗದೆ 2024ರ ಜುಲೈ 13ರಂದು ತನ್ನದೇ ಜಾಲತಾಣದಲ್ಲಿ ತೆರೆಕಂಡಿತು. ಅದು ಪೂರ್ವಕಥೆಯಲ್ಲ. ಆದರೆ ಯಾವ ಕಂತಿನಿಂದಲಾದರೂ ಒಳಹೊಗಬಹುದಾದ ಅದರ ಕಟ್ಟಡ ಸಿರಿ ಸಂಧಿಗೆ ಒಗ್ಗುತ್ತದೆ. ಬಿರ್ಮಾಳ್ವರ ಅರಮನೆಗೆ ಒಂದು ಕಂತು, ಅಬ್ಬಗೆ ದಾರಗೆಯರ ಚೆನ್ನೆಯಾಟಕ್ಕೆ ಇನ್ನೊಂದು.

ಸಾಮಗ್ರಿಗೆ ಕೊರತೆಯಿಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜಾನಪದ ರಂಗಕಲೆಗಳ ಕೇಂದ್ರಕ್ಕೂ ಫಿನ್ಲೆಂಡಿನ ವಿದ್ವಾಂಸರಿಗೂ ಬೆಳೆದ ನಂಟಿನಿಂದ ಲೌರಿ ಹೊಂಕೊ ಇಲ್ಲಿಗೆ ಬಂದರು. ತುಳು ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರೊಂದಿಗೆ ಅವರು 1990ರ ಡಿಸೆಂಬರ್‌ನಲ್ಲಿ ಮಾಚಾರಿನ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ ಸಿರಿ ಸಂಧಿ 15,683 ಸಾಲು; ಗ್ರೀಕರ ಇಲಿಯಡ್ಡಿನ ಅಳತೆಗೆ ಸರಿಗಟ್ಟುವಷ್ಟು. 1998ರಲ್ಲಿ ಅಚ್ಚಾದ ಆ ಗ್ರಂಥದ ಹೆಸರಿನಲ್ಲೇ ಹಾಡಿದವರ ಹೆಸರೂ ಇದೆ. ನಾಳೆ ಯಾರಾದರೂ ಸಿರಿಯನ್ನು ಕಂತುಗಳಾಗಿ ತೆರೆಗೆ ತಂದರೆ, ಯಾವ ಊರಿನ ಯಾರ ಬಾಯಿಂದ ಕಥೆ ಬಂತೆಂಬುದು ಮೊದಲ ಕಂತಿನ ಶೀರ್ಷಿಕೆಯಲ್ಲೇ ಇರಬೇಕು. ಗದ್ದೆಯ ಕೆಲಸದ ನಡುವೆ ಪಾಡ್ದನ ಹಾಡುತ್ತ ಬಂದ ಹೆಂಗಸರಿಗೆ ಸಂಭಾವನೆಯ ಪಟ್ಟಿಯಲ್ಲಿ ಜಾಗವಿರಬೇಕು.