ಹೂದೋಟದ ಚಿತ್ರವೂ ಬಣ್ಣದ ಮಾತೂ

ಚನ್ನಪಟ್ಟಣದ ಬೊಂಬೆಗಾರನು ಹಾಲೆಮರದ ತುಂಡನ್ನು ತಿರುಗಣೆಗೆ ಸಿಕ್ಕಿಸಿ ಕಡೆಯುತ್ತ, ತಿರುಗುವ ಮರಕ್ಕೆ ಬಣ್ಣದರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕೇದಗೆಯ ಗರಿಯಿಂದ ತಿಕ್ಕಲು ಹೊಳಪೇರುತ್ತದೆ. ಹೀಗೆ ಸಿದ್ಧವಾದ ಕುದುರೆಯು ಕೆಂಪಾಗಿರಬಹುದು, ಹಸುರಾಗಿರಬಹುದು. ಲೋಕದಲ್ಲಿ ಹಸುರು ಕುದುರೆಯಿಲ್ಲವೆಂದು ಯಾವ ಮಗುವೂ ಅದನ್ನು ಬಿಸುಡುವುದಿಲ್ಲ. ಆದರೆ ಚಿತ್ರಪಟದಲ್ಲಿ ನೀಲಿಯ ಎಲೆಯನ್ನು ಕಂಡೊಡನೆ ಹಿರಿಯರು ಹುಬ್ಬು ಗಂಟಿಕ್ಕುವರು. ಇದಕ್ಕೆ ಕಾರಣವೇನು?

ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ರಸಿಕರನ್ನು ವರ್ಗವರ್ಗವಾಗಿ ವಿಂಗಡಿಸಿದೆ. ಅದರಂತೆ ಆಚಾರ್ಯರು ರೇಖೆಯನ್ನು ಹೊಗಳುವರು. ಬಣ್ಣದ ಸಮೃದ್ಧಿಯನ್ನು ಮೆಚ್ಚುವವರು ಉಳಿದ ಸಾಮಾನ್ಯ ಜನರು. ಬಣ್ಣಕ್ಕೆ ಅಲ್ಲಿ ಕಡೆಯ ಮಣೆ. ಅದನ್ನು ಮೊದಲ ಪಂಕ್ತಿಗೆ ತಂದು ಕುಳ್ಳಿರಿಸಲು ಹೊರಟವರಲ್ಲಿ ಯೂರೋಪಿನ ಭಾವವ್ಯಂಜಕ ಪಂಥದ ಚಿತ್ರಕಾರರು ಪ್ರಮುಖರು.

1905ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ನಾಲ್ವರು ತರುಣರು ‘ಸೇತುವೆ’ ಎಂಬರ್ಥದ ಹೆಸರಿಟ್ಟು ಕೂಟವೊಂದನ್ನು ಕಟ್ಟಿದರು. ಮರುವರ್ಷ ಅವರೊಡನೆ ಕೆಲಕಾಲ ಸೇರಿದ ಎಮಿಲ್ ನೋಲ್ಡೆ ಎಂಬಾತನು, ಅಂದು ಜರ್ಮನಿಗೆ ಸೇರಿದ್ದ ಆಲ್ಸೆನ್ ದ್ವೀಪದಲ್ಲಿ ನೆರೆಹೊರೆಯವರ ಹೂದೋಟಗಳನ್ನು ತೈಲವರ್ಣದಲ್ಲಿ ಬರೆಯತೊಡಗಿದನು. ಅಗಸೆಯೆಣ್ಣೆಯಲ್ಲಿ ಅರೆದ ಬಣ್ಣವು ನೀರಿನ ಬಣ್ಣದಂತೆ ಬೇಗನೆ ಆರದು. ಅದನ್ನು ದಪ್ಪವಾಗಿ ಮೆತ್ತಬಹುದು, ಹಸಿಯಿರುವಾಗಲೇ ಒಂದರೊಳಗೊಂದನ್ನು ಬೆರಸಬಹುದು. ಹಸುರಿನ ಪಕ್ಕದಲ್ಲಿ ಕೆಂಪನ್ನಿಟ್ಟರೆ ಎರಡೂ ಉರಿದೇಳುವುವು. ಅವನ ಪಟದಲ್ಲಿ ದಳವನ್ನು ಎಣಿಸಲಾಗದು. ಹೂವನ್ನು ಕಂಡ ಮನಸ್ಸಿನ ಹಿಗ್ಗು ಮಾತ್ರ ಎದ್ದು ಕಾಣುವುದು. ಕಾವ್ಯದಲ್ಲಿ ವಾಚ್ಯಾರ್ಥವನ್ನು ಮೀರಿದ ಧ್ವನಿಯನ್ನು ಒಪ್ಪಿದವರು ಚಿತ್ರದಲ್ಲಿ ಇದನ್ನು ಒಪ್ಪಲು ಅಡ್ಡಿಯೇನು?

ಅಡ್ಡಿ ರಾಜಕಾರಣದಿಂದ ಬಂದಿತು. 1937ರಲ್ಲಿ ಹಿಟ್ಲರನ ಸರಕಾರವು ಇಂಥ ಚಿತ್ರಗಳನ್ನು ಕುಲಗೆಟ್ಟ ಕಲೆಯೆಂದು ಜರೆದು, ನೋಲ್ಡೆಯ ಸಾವಿರಕ್ಕೂ ಮಿಕ್ಕ ಕೃತಿಗಳನ್ನು ಸಂಗ್ರಹಾಲಯಗಳಿಂದ ಕಿತ್ತು ತೆಗೆಸಿತು. 1941ರಲ್ಲಿ ಅವನ ವೃತ್ತಿಯನ್ನೇ ನಿಷೇಧಿಸಿತು. ವಿಚಿತ್ರವೆಂದರೆ ಅವನು ಅದೇ ಪಕ್ಷದ ಸದಸ್ಯನಾಗಿದ್ದನು. ಪಕ್ಷಭಕ್ತಿಯು ಅವನ ಹೂಗಳನ್ನು ಕಾಯಲಿಲ್ಲ.

ಭಾರತಕ್ಕೆ ಆ ಗಾಳಿ ಮೊದಲೇ ಬೀಸಿತ್ತು. 1922ರಲ್ಲಿ ಕಲ್ಕತ್ತೆಯ ಪ್ರದರ್ಶನದಲ್ಲಿ ಕಾಂಡಿನ್ಸ್ಕಿ, ಕ್ಲೇ ಮೊದಲಾದವರ ಕೃತಿಗಳು ಬಂಗಾಳದ ಕಲಾವಿದರ ಚಿತ್ರಗಳೊಡನೆ ತೂಗಿದುವು. ಕನ್ನಡನಾಡಿನಲ್ಲಿಯೋ, ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹಾದಿಯಲ್ಲಿರುವ ತಾತಗುಣಿಯಲ್ಲಿ ರಷ್ಯದ ವರ್ಣಕೋವಿದನೊಬ್ಬನು ನೆಲಸಿದನು. 1904ರಲ್ಲಿ ಜನಿಸಿದ ಸ್ವೆಟೊಸ್ಲಾವ್ ರೋರಿಕ್ ಮೇಲ್ಕಂಡ ಪಂಥಕ್ಕೆ ಸೇರಿದವನಲ್ಲ. ಆದರೂ ಟೆಂಪರಾದಲ್ಲಿಯೂ ತೈಲದಲ್ಲಿಯೂ ಅವನು ಬರೆದ ಬೆಟ್ಟ ಬಾನುಗಳ ಬಣ್ಣವು ಕಣ್ಣಿನ ಸಾಕ್ಷ್ಯಕ್ಕೆ ಕಟ್ಟುಬಿದ್ದುದಲ್ಲ. 1945ರಲ್ಲಿ ಅವನ ಕೈಹಿಡಿದ ನಟಿ ದೇವಿಕಾರಾಣಿಯೊಡನೆ ಅವನು ತಾತಗುಣಿಯಲ್ಲಿ ಸುಗಂಧತೈಲಕ್ಕಾಗಿ ಲಿನಲೋ ಮರಗಳ ತೋಟವನ್ನು ನಡಸಿದನು.

ಅವನು 1993ರಲ್ಲಿ, ದೇವಿಕಾರಾಣಿ 1994ರಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಆ ಮನೆಯ ತೋಟವು ವ್ಯಾಜ್ಯಕ್ಕೆ ಸಿಕ್ಕಿತು. 1996ರ ಶಾಸನದಿಂದ ಕರ್ನಾಟಕ ಸರಕಾರವು ಅದನ್ನು ತನ್ನದಾಗಿಸಿಕೊಂಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ಎತ್ತಿಹಿಡಿಯಿತು. ತಂದೆ ನಿಕೊಲಾಸ್ ಮತ್ತು ಮಗನ ಚಿತ್ರಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ.

ತೋಟವನ್ನು ನ್ಯಾಯಾಲಯವು ಉಳಿಸಿಕೊಡಬಹುದು. ಅದನ್ನು ಕಾಣುವ ಕಣ್ಣನ್ನು ಉಳಿಸುವ ಹೊಣೆ ಗೃಹಸ್ಥರದು. ಆ ಹಾದಿಯಲ್ಲಿ ಹೋಗಿಬರುವ ಮನೆಯವರು ಮಕ್ಕಳನ್ನು ಒಮ್ಮೆ ಆ ಚಿತ್ರಗಳ ಮುಂದೆ ನಿಲ್ಲಿಸಲಿ. ಮರ ನೇರಿಳೆಯೇ, ಬೆಟ್ಟ ಕೆಂಪೇ ಎಂದು ಮಕ್ಕಳು ಕೇಳಲಾರರು. ಅವರ ಕೈಯಲ್ಲಿ ಚನ್ನಪಟ್ಟಣದ ಹಸುರು ಕುದುರೆಯು ಆಡಿದೆಯಷ್ಟೆ! ಚಿತ್ರಸೂತ್ರವು ಕಡೆಗಿಟ್ಟ ಸಾಮಾನ್ಯ ಜನರ ಅಭಿರುಚಿಯೇ ಇಲ್ಲಿ ಗುರುವಾಗಿ ನಿಲ್ಲುತ್ತದೆ.