ಪೆಟ್ಟಿಗೆಯೊಳಗಿನ ಹಾಟ್ ರಾಡ್: ಅಮೆರಿಕದ ಮಾದರಿ ವಾಹನ ಕಲೆಯ ಚರಿತ್ರೆ

ಹಳೆಯ ಅಗ್ಗದ ಕಾರೊಂದರಿಂದ ಮಡ್‌ಗಾರ್ಡು, ಬಾನೆಟ್ಟು, ಮೇಲ್ಛಾವಣಿಗಳಂಥ ಭಾರವನ್ನೆಲ್ಲ ಕಳಚಿ, ಅದರ ಎಂಜಿನ್ನಿನ ಬಲ ಹೆಚ್ಚಿಸಿ ಅಥವಾ ಮತ್ತೊಂದು ವಾಹನದ ದೊಡ್ಡ ಎಂಜಿನ್ನನ್ನು ತಂದು ಕೂರಿಸಿ, ವೇಗಕ್ಕೆಂದೇ ಮರುರೂಪಿಸಿದ ವಾಹನವನ್ನು ಅಮೆರಿಕದಲ್ಲಿ ಹಾಟ್ ರಾಡ್ ಎಂದು ಕರೆಯುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಯಂಗಳಗಳಲ್ಲಿ ಯುವಕರು ಇಂಥ ವಾಹನಗಳನ್ನು ಓಡಿಸುತ್ತಿದ್ದರು. 1937ರಲ್ಲಿ ಅಲ್ಲಿನ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡವು. ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಗೆ ತಂದ 65 ಅಶ್ವಶಕ್ತಿಯ ವಿ-8 ಎಂಜಿನ್ ಈ ಹವ್ಯಾಸಕ್ಕೆ ಬೆನ್ನೆಲುಬಾಯಿತು. ಎರಡನೆಯ ಮಹಾಯುದ್ಧದ ನಂತರ, 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಮಾಸಪತ್ರಿಕೆಯೇ ಹೊರಟಿತಾದರೂ, ಊರಿನ ಹಿರಿಯರಿಗೂ ಪೊಲೀಸರಿಗೂ ಹಾಟ್ ರಾಡ್ ಓಡಿಸುವವನು ಬೀದಿಯಲ್ಲಿ ಪಂದ್ಯ ಕಟ್ಟುವ ಪುಂಡನಾಗಿಯೇ ಉಳಿದಿದ್ದ. ಈ ಪುಂಡ ವಾಹನ ಒಂದೆರಡು ದಶಕಗಳೊಳಗೆ ಮಧ್ಯಮವರ್ಗದ ಮನೆಗಳ ಊಟದ ಮೇಜಿನ ಮೇಲೆ ತಾಯ್ತಂದೆಯರ ಒಪ್ಪಿಗೆಯೊಂದಿಗೇ ಬಂದು ಕುಳಿತದ್ದು ಪ್ಲಾಸ್ಟಿಕ್ಕಿನ ಮಾದರಿಯಾಗಿ. ಹಾಟ್ ರಾಡ್ ಚರಿತ್ರೆಯನ್ನು ಬರೆದವರು ಈ ಮಾದರಿಗಳನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡುತ್ತಾರೆ. ಆದರೆ ನಿಜವಾದ ವಾಹನವನ್ನು ಮುಟ್ಟುವ ವಯಸ್ಸೂ ಹಣವೂ ಇಲ್ಲದ ಲಕ್ಷಾಂತರ ಹುಡುಗರಿಗೆ ಆ ಲೋಕದ ವ್ಯಾಕರಣವನ್ನು ಕಲಿಸಿದ್ದು ಮಾದರಿಗಳೇ, ಮತ್ತು ಕೆಲವೊಮ್ಮೆ ಮಾದರಿಯೇ ಮೊದಲಾಗಿ ವಾಹನವೇ ಅದರ ನಕಲಾದದ್ದೂ ಉಂಟು.

ಮಾದರಿ ಕಟ್ಟುವ ಅಭ್ಯಾಸಕ್ಕೆ ಮೋಟಾರು ಉದ್ಯಮದ ಪೋಷಣೆ ಮೊದಲೇ ಇತ್ತು. ಜನರಲ್ ಮೋಟರ್ಸ್ ಸಂಸ್ಥೆಯ ಆಶ್ರಯದಲ್ಲಿ 1930ರಿಂದ 1968ರವರೆಗೆ ನಡೆದ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಸ್ಪರ್ಧೆಯಲ್ಲಿ ಹದಿಹರೆಯದ ಹುಡುಗರು ಮೊದಮೊದಲು ನೆಪೋಲಿಯನ್ ಕಾಲದ ರಾಜರಥದ ಪುಟ್ಟ ಪ್ರತಿಕೃತಿಯನ್ನೂ, ಮುಂದೆ ತಾವೇ ಕಲ್ಪಿಸಿದ ಕಾರುಗಳ ಮಾದರಿಗಳನ್ನೂ ಮರದಲ್ಲಿ ಕೆತ್ತಿ ಕಳಿಸುತ್ತಿದ್ದರು. ಗೆದ್ದವರಿಗೆ ಕಾಲೇಜು ವಿದ್ಯಾಭ್ಯಾಸಕ್ಕೆ ವೇತನ ಸಿಗುತ್ತಿತ್ತು. ಆದರೆ ಅದು ಅಪಾರ ತಾಳ್ಮೆಯುಳ್ಳ ಕೆಲವರ ಹಾದಿ. ಎಲ್ಲರಿಗೂ ನಿಲುಕುವ ಮಾದರಿ ಹುಟ್ಟಿದ್ದು ಬೇರೆ ಕಡೆ, ಕಾರು ಮಾರುವ ಅಂಗಡಿಯ ಜಾಹೀರಾತಿನಲ್ಲಿ.

1940ರ ದಶಕದ ಕೊನೆಯಲ್ಲಿ ಮಿಷಿಗನ್ ರಾಜ್ಯದ ವಕೀಲ ವೆಸ್ಟ್ ಗ್ಯಾಲಗ್ಲಿ ಸ್ಥಾಪಿಸಿದ ಅಲ್ಯುಮಿನಿಯಂ ಮಾಡೆಲ್ ಟಾಯ್ಸ್ ಎಂಬ ಕಂಪನಿ, ಹೊಸ ಫೋರ್ಡ್ ಕಾರಿನ ಪುಟ್ಟ ಲೋಹದ ಪ್ರತಿಕೃತಿಯನ್ನು ತಯಾರಿಸಿ ವಿತರಕರಿಗೆ ಒದಗಿಸತೊಡಗಿತು. ಲೋಹದ ಜಾಗಕ್ಕೆ ಬೇಗನೆ ಪ್ಲಾಸ್ಟಿಕ್ ಬಂದು, ಕಂಪನಿಯ ಹೆಸರು ಎಎಂಟಿ ಎಂಬ ಮೂರಕ್ಷರಗಳಿಗೆ ಇಳಿಯಿತು. ಪ್ರೊಮೋ ಎಂದು ಕರೆಯಲಾಗುತ್ತಿದ್ದ ಈ ಜಾಹೀರಾತು ಮಾದರಿಗಳು ಆ ವರ್ಷದ ನಿಜವಾದ ಕಾರಿನ ಬಣ್ಣಗಳಲ್ಲೇ ಬರುತ್ತಿದ್ದವು. ಗಿರಾಕಿಗೆ ಬಣ್ಣ ತೋರಿಸಲೂ, ಜೊತೆಯಲ್ಲಿ ಬಂದ ಮಗುವನ್ನು ಒಲಿಸಿಕೊಳ್ಳಲೂ ವಿತರಕನಿಗೆ ಅವು ಒದಗುತ್ತಿದ್ದವು. ಮೂಲದ ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆ, ಅಂದರೆ 1/25, ಅಮೆರಿಕದ ಮಾದರಿ ಕಾರುಗಳಲ್ಲಿ ನೆಲೆಯೂರಿದ್ದು ಇವುಗಳ ಮೂಲಕವೇ. ಅರ್ಧ ಅಂಗುಲಕ್ಕೆ ಒಂದು ಅಡಿ ಎಂಬ ಲೆಕ್ಕದ 1/24 ಅಳತೆಯನ್ನು ಷಿಕಾಗೋದಲ್ಲಿ 1945ರಲ್ಲಿ ಆರಂಭವಾಗಿದ್ದ ಮಾನೋಗ್ರಾಂ ಕಂಪನಿ ಹೆಚ್ಚಾಗಿ ಬಳಸಿತು. ಕ್ಯಾಲಿಫೋರ್ನಿಯಾದ ವೆನಿಸ್ ಪಟ್ಟಣದ ರೆವೆಲ್ ಕಂಪನಿ 1951ರಲ್ಲಿ ‘ಹೈವೇ ಪಯೊನಿಯರ್ಸ್’ ಎಂಬ ಹೆಸರಿನಲ್ಲಿ ಹಳೆಯ ಕಾಲದ ಕಾರುಗಳ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡವರೇ ಅಂಟಿಸಿ ಜೋಡಿಸಿಕೊಳ್ಳುವ ಕಿಟ್‌ಗಳಾಗಿ ಮಾರಿ ಯಶಸ್ಸು ಕಂಡಿತ್ತು.

ಪ್ರೊಮೋ ಮತ್ತು ಕಿಟ್ ಎಂಬ ಈ ಎರಡು ಹೊಳೆಗಳು ಕೂಡಿದ್ದು 1958ರಲ್ಲಿ. ಪ್ಲಾಸ್ಟಿಕ್ ಮಾದರಿಯ ತಯಾರಿಕೆಯಲ್ಲಿ ಅತ್ಯಂತ ದುಬಾರಿಯಾದದ್ದು ಉಕ್ಕಿನ ಅಚ್ಚು. ಮೊದಲು ದೊಡ್ಡ ಅಳತೆಯಲ್ಲಿ ಮರದ ಮೂಲಪ್ರತಿಯನ್ನು ಕೆತ್ತಿ, ಒಂದು ತುದಿಯ ಚಲನೆಯನ್ನು ಇನ್ನೊಂದು ತುದಿಯಲ್ಲಿ ಕಿರಿದಾಗಿಸಿ ಅನುಸರಿಸುವ ಪ್ಯಾಂಟೋಗ್ರಾಫ್ ಯಂತ್ರದಿಂದ ಅದನ್ನು ಲೋಹಕ್ಕೆ ಇಳಿಸಬೇಕಾಗಿತ್ತು. ಕಾರಿನ ಹೊರಮೈಯ ಅಚ್ಚು ಪ್ರೊಮೋಗಾಗಿ ಹೇಗೂ ಸಿದ್ಧವಾಗಿರುತ್ತಿದ್ದುದರಿಂದ, ಅದೇ ಹೊರಮೈಗೆ ಕೆಲವು ಬಿಡಿಭಾಗಗಳನ್ನು ಸೇರಿಸಿ ಕಿಟ್ ಮಾಡುವುದು ಎಎಂಟಿಗೆ ಕಡಿಮೆ ಖರ್ಚಿನ ಬಾಬ್ತಾಯಿತು. ‘ತ್ರೀ ಇನ್ ಒನ್’ ಎಂದು ಹೆಸರಾದ ಈ ಕಿಟ್‌ಗಳಿಂದ ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರನ್ನೋ, ಅಲಂಕರಿಸಿ ಬದಲಿಸಿದ ಕಸ್ಟಮ್ ಕಾರನ್ನೋ, ಪಂದ್ಯದ ಕಾರನ್ನೋ ತಯಾರಿಸಬಹುದಾಗಿತ್ತು. ಬೆಲೆ ಎರಡು ಡಾಲರಿಗಿಂತ ಕಡಿಮೆ. ವ್ಯಾಪಾರದ ಈ ಸಣ್ಣ ಜಾಣ್ಮೆಯಿಂದ ಆದ ಪರಿಣಾಮ ಮಾತ್ರ ಸಣ್ಣದಲ್ಲ. ಹಡಗು, ವಿಮಾನಗಳ ಕಿಟ್ ಕಟ್ಟುವವನು ಕಾಗದದಲ್ಲಿ ತೋರಿಸಿದ್ದನ್ನು ತಪ್ಪಿಲ್ಲದೆ ಅನುಸರಿಸಿದರೆ ಸಾಕಿತ್ತು. ಕಾರಿನ ಕಿಟ್ ಕಟ್ಟುವವನಾದರೋ ಆಯ್ಕೆ ಮಾಡಲೇಬೇಕಾಗಿತ್ತು, ಮತ್ತು ಜೋಡಿಸಿ ಮುಗಿದ ಮೇಲೆ ಉಳಿದ ಭಾಗಗಳು ಅವನ ಸಾಮಾನಿನ ಡಬ್ಬಿ ಸೇರಿ ಮುಂದಿನ ಕಾರಿಗೆ ಬಂಡವಾಳವಾಗುತ್ತಿದ್ದವು. ಗುಜರಿಯಿಂದ ಆಯ್ದ ಭಾಗಗಳಲ್ಲಿ ವಾಹನ ಕಟ್ಟುತ್ತಿದ್ದ ನಿಜವಾದ ಹಾಟ್ ರಾಡ್ ಕಸುಬಿನ ಕ್ರಮವೂ ಇದೇ ಅಲ್ಲವೇ? ಎಎಂಟಿ 1959ರಲ್ಲಿ ಆರಂಭಿಸಿದ ಟ್ರೋಫಿ ಸರಣಿಯ ಮೊದಲ ಕಿಟ್ 1932ರ ಫೋರ್ಡ್ ರೋಡ್‌ಸ್ಟರ್, ಅಂದರೆ ಛಾವಣಿಯಿಲ್ಲದ ಎರಡು ಆಸನಗಳ ಕಾರು, ಆದದ್ದು ಆಕಸ್ಮಿಕವಲ್ಲ. ಆಯಾ ವರ್ಷದ ಹೊಸ ಕಾರುಗಳ ಮೊದಲ ಕಿಟ್‌ಗಳಲ್ಲಿ ಇಲ್ಲದಿದ್ದ ಎಂಜಿನ್ ಇದರಲ್ಲಿ ಬಿಡಿಬಿಡಿಯಾಗಿ ಬಂದು, ಕಾರಿನ ಹೊಟ್ಟೆಯೊಳಗೆ ಏನಿರುತ್ತದೆ ಎಂಬುದನ್ನು ಹತ್ತು ವರ್ಷದ ಹುಡುಗನಿಗೂ ತಿಳಿಸಿತು.

ಪಿಕಪ್ ಟ್ರಕ್ಕು ಈ ಕಥೆಯೊಳಗೆ ಬಂದದ್ದು ಹಿಂಬಾಗಿಲಿನಿಂದ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಸರಕಿನ ತೊಟ್ಟಿಯನ್ನು ಕಾರ್ಖಾನೆಯಲ್ಲೇ ಜೋಡಿಸಿ 281 ಡಾಲರಿಗೆ ಮಾರತೊಡಗಿದಾಗಿನಿಂದ ಅದು ರೈತನ, ಕೂಲಿಕಾರನ, ಅಂಗಡಿಯವನ ದುಡಿಮೆಯ ಗಾಡಿ. ಅದನ್ನು ಸಿಂಗರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಆದರೆ ಹಾಟ್ ರಾಡ್ ಕಟ್ಟುವವರಿಗೆ ಹಳೆಯ ಪಿಕಪ್‌ಗಳು ಅಗ್ಗವಾಗಿ ಸಿಗುತ್ತಿದ್ದವು, ಮತ್ತು ಅವುಗಳ ತೊಟ್ಟಿಯನ್ನು ಗಿಡ್ಡವಾಗಿ ಕತ್ತರಿಸಿ ರೋಡ್‌ಸ್ಟರಿನ ಹಿಂದೆ ಕೂರಿಸಿದರೆ ವಾಹನಕ್ಕೆ ಮುಂದಕ್ಕೆ ನೆಗೆಯಲು ಸಿದ್ಧವಾದಂಥ ಮೈಕಟ್ಟು ಬರುತ್ತಿತ್ತು. ಷೆವ್ರೊಲೆ ಕಂಪನಿ 1955ರಲ್ಲಿ ಹೊರತಂದ ಕ್ಯಾಮಿಯೊ ಎಂಬ ಪಿಕಪ್, ತೊಟ್ಟಿಯ ಹೊರಗೋಡೆಗಳನ್ನು ಫೈಬರ್ ಗ್ಲಾಸಿನಿಂದ ನುಣುಪಾಗಿ ಮುಚ್ಚಿ, ಸರಕಿನ ಗಾಡಿಯೂ ಅಂದವಾಗಿರಬಹುದೆಂದು ತೋರಿಸಿಕೊಟ್ಟಿತು. ಈ ಬದಲಾವಣೆಯ ಪರಾಕಾಷ್ಠೆ ಜಾರ್ಜ್ ಬ್ಯಾರಿಸ್ ಎಂಬ ಕಸ್ಟಮ್ ಶಿಲ್ಪಿಯ ಕಾರ್ಯಾಗಾರದಿಂದ ಹೊರಬಂದ ಆಲಾ ಕಾರ್ಟ್; 1929ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್ ಪಿಕಪ್ಪನ್ನು ಆಧರಿಸಿ, ಮುತ್ತಿನ ಬಿಳುಪಿನ ಬಣ್ಣ ಹೊದಿಸಿ ಕಟ್ಟಿದ ಈ ವಾಹನ ಓಕ್ಲೆಂಡ್ ಪ್ರದರ್ಶನದಲ್ಲಿ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಎಂಬ ಪ್ರಶಸ್ತಿಯನ್ನು 1958 ಮತ್ತು 1959ರಲ್ಲಿ ಎರಡು ಸಲ ಗೆದ್ದುಕೊಂಡಿತು. ಬ್ಯಾರಿಸ್‌ನನ್ನು ಸಲಹೆಗಾರನಾಗಿ ಇರಿಸಿಕೊಂಡಿದ್ದ ಎಎಂಟಿ ಮುಂದೆ ಆಲಾ ಕಾರ್ಟನ್ನೇ ಕಿಟ್ ಆಗಿ ಮಾಡಿತು. ಪ್ರದರ್ಶನಕ್ಕೆ ಹೋಗಿ ಹಗ್ಗದ ಆಚೆ ನಿಂತು ನೋಡಬೇಕಾಗಿದ್ದ ವಸ್ತುವಿನ ಒಂದೊಂದು ಕೊಳವೆಯನ್ನೂ ಈಗ ಬೆರಳಿನಲ್ಲಿ ಹಿಡಿದು ಪರೀಕ್ಷಿಸಬಹುದಾಗಿತ್ತು.

ಎಎಂಟಿಗೆ ಬ್ಯಾರಿಸ್ ಇದ್ದಂತೆ ರೆವೆಲ್‌ಗೆ ಎಡ್ ರಾತ್ ಇದ್ದ. ಪ್ಲಾಸ್ಟರ್ ಮೂಲದ ಮೇಲೆ ಫೈಬರ್ ಗ್ಲಾಸ್ ಹಾಕಿ, ಯಾವ ಕಂಪನಿಯ ಕಾರನ್ನೂ ಹೋಲದ ಮೈಗಳನ್ನು ಸೃಷ್ಟಿಸುತ್ತಿದ್ದ ಈತನ ಬೀಟ್ನಿಕ್ ಬ್ಯಾಂಡಿಟ್ ಕಾರಿಗೆ ಗುಳ್ಳೆಯಾಕಾರದ ಪಾರದರ್ಶಕ ಛಾವಣಿಯೂ, ಸ್ಟಿಯರಿಂಗ್ ಚಕ್ರದ ಬದಲಿಗೆ ಒಂದೇ ಹಿಡಿಕೋಲೂ ಇದ್ದವು. ಅದು 1963ರಲ್ಲಿ ಕಿಟ್ ಆಯಿತು. ಅದರ ಬೆನ್ನಿಗೇ ರಾತ್ ಚಿತ್ರಿಸಿದ ರ‍್ಯಾಟ್ ಫಿಂಕ್ ಎಂಬ ಜೊಲ್ಲು ಸುರಿಸುವ ಹೊಟ್ಟೆಬಾಕ ಇಲಿಯೂ ಕಿಟ್ ಆಗಿ, ಪ್ರತಿ ಪೆಟ್ಟಿಗೆಗೆ ಒಂದು ಸೆಂಟಿನಂತೆ ಆತನಿಗೆ ಗೌರವಧನ ಸಂದಿತು. ಅದೇ ವರ್ಷ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಲೇಖಕ ಟಾಮ್ ವುಲ್ಫ್ ಕಸ್ಟಮ್ ಕಾರುಗಳನ್ನು ಕಲೆಯೆಂದೇ ಪರಿಗಣಿಸಿ ದೀರ್ಘ ಪ್ರಬಂಧ ಬರೆದ. ಪಂಡಿತರಿಗೆ ಆಗ ಹೊಳೆದ ಈ ಸಂಗತಿ ಕಿಟ್ ಕಟ್ಟುತ್ತಿದ್ದ ಹುಡುಗರಿಗೆ ಅಷ್ಟರಲ್ಲಾಗಲೇ ಗೊತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಜೋಡಣೆಗಿಂತ ಬಣ್ಣವೇ ಈ ಹವ್ಯಾಸದ ನಿಜವಾದ ಪರೀಕ್ಷೆ. ಆರಂಭದಲ್ಲಿ ಇಲಿನಾಯ್ ರಾಜ್ಯದ ಟೆಸ್ಟರ್ಸ್ ಕಂಪನಿಯ ಪುಟ್ಟ ಗಾಜಿನ ಸೀಸೆಗಳ ಎನಾಮಲ್ಲೂ ಒಂದು ಕುಂಚವೂ ಇದ್ದರೆ ಸಾಕಾಗುತ್ತಿತ್ತು. ಎನಾಮಲ್ ನಿಧಾನವಾಗಿ ಒಣಗುವುದರಿಂದ ಕುಂಚದ ಗೆರೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು, ಆದರೆ ಒಣಗುವ ತನಕ ಗಾಳಿಯ ದೂಳೆಲ್ಲ ಅದಕ್ಕೆ ಅಂಟುತ್ತಿತ್ತು. ನಿಜವಾದ ಕಾರುಗಳಿಗೆ ಬಳಿಯುತ್ತಿದ್ದ ಲ್ಯಾಕರ್ ಬೇಗ ಒಣಗಿ ಕನ್ನಡಿಯಂತೆ ಹೊಳೆಯುತ್ತಿತ್ತಾದರೂ, ಅದರ ದ್ರಾವಕ ಪಾಲಿಸ್ಟೈರೀನ್ ಎಂಬ ಕಿಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಮೈತುಂಬ ಸುಕ್ಕೆಬ್ಬಿಸುತ್ತಿತ್ತು. ಆದ್ದರಿಂದ ಪ್ರೈಮರ್ ಎಂಬ ತಳಬಣ್ಣವನ್ನು ತೆಳುವಾಗಿ ಹಲವು ಸಲ ಸಿಂಪಡಿಸಿ, ಪ್ರತಿ ಪದರವನ್ನೂ ನಯವಾದ ಉಪ್ಪುಕಾಗದದಿಂದ ನೀರಿನಲ್ಲಿ ಉಜ್ಜಿ, ಆ ಬಳಿಕವಷ್ಟೇ ಮೇಲ್ಬಣ್ಣ ಹಾಕುವ ಕ್ರಮ ರೂಢಿಗೆ ಬಂತು. ಹಾಟ್ ರಾಡ್‌ಗಳಿಗೆ ವಿಶಿಷ್ಟವಾದ ಕ್ಯಾಂಡಿ ಬಣ್ಣವನ್ನು ಹಾಕುವಾಗ ಮೊದಲು ಬೆಳ್ಳಿ ಅಥವಾ ಚಿನ್ನದ ಹೊಳಪಿನ ತಳವನ್ನು ಬಳಿದು, ಅದರ ಮೇಲೆ ಪಾರದರ್ಶಕವಾದ ಕೆಂಪನ್ನೋ ನೀಲಿಯನ್ನೋ ಪದರಪದರವಾಗಿ ಹರಡುತ್ತಾರೆ. ಬೆಳಕು ಮೇಲಿನ ಪದರವನ್ನು ಹಾದು ತಳಕ್ಕೆ ಬಡಿದು ಮರಳುವುದರಿಂದ ಬಣ್ಣಕ್ಕೆ ಆಳ ಬರುತ್ತದೆ. ಮಾದರಿಯಲ್ಲಿ ಇದನ್ನು ಸಾಧಿಸುವುದು ಇನ್ನೂ ಕಷ್ಟ, ಏಕೆಂದರೆ ಕಾರು ಇಪ್ಪತ್ತೈದು ಪಟ್ಟು ಕಿರಿದಾದರೂ ಬಣ್ಣದೊಳಗಿನ ಲೋಹದ ಕಣ ತಾನಾಗಿ ಕಿರಿದಾಗುವುದಿಲ್ಲ. ದೊಡ್ಡ ಕಾರಿನ ಮೇಲೆ ಮಿನುಗುವ ಕಣ ಪುಟ್ಟ ಕಾರಿನ ಮೇಲೆ ಹರಳಿನ ಚೂರಿನಂತೆ ಎದ್ದು ಕಾಣುತ್ತದೆ. ಬಾನೆಟ್ಟಿನ ಮೇಲೆ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗುವ ಜ್ವಾಲೆಗಳನ್ನು ಟೇಪು ಕತ್ತರಿಸಿ ಅಂಟಿಸಿ ಮೂಡಿಸುವುದು, ಕಿಟಕಿಯ ಕಂಬಗಳನ್ನು ಗರಗಸದಿಂದ ಕುಯ್ದು ಛಾವಣಿಯನ್ನು ತಗ್ಗಿಸುವ ಚಾಪಿಂಗ್, ಆ ಕೊಯ್ತದ ಸಂದುಗಳನ್ನು ಪುಟ್ಟಿಯಿಂದ ಮುಚ್ಚುವುದು ಇವೆಲ್ಲ ‘ರಾಡ್ ಆ್ಯಂಡ್ ಕಸ್ಟಮ್’ನಂಥ ಪತ್ರಿಕೆಗಳ ಪುಟಗಳಿಂದ ಊರೂರಿಗೆ ಹಬ್ಬಿದವು.

ಈ ಸುವರ್ಣಯುಗಕ್ಕೆ ಒಂದು ಕಪ್ಪು ಮಗ್ಗುಲೂ ಇತ್ತು. ಕಿಟ್‌ಗಳ ಅಂಟಿನಲ್ಲಿದ್ದ ಟಾಲುಯೀನ್ ಎಂಬ ದ್ರಾವಕದ ವಾಸನೆಯನ್ನು ಅಮಲಿಗಾಗಿ ಸೇದುವ ಚಟ 1960ರ ದಶಕದಲ್ಲಿ ಹುಡುಗರಲ್ಲಿ ಕಾಣಿಸಿಕೊಂಡು, ಅನೇಕ ನಗರಗಳು ಅಂಟಿನ ಮಾರಾಟಕ್ಕೆ ಕಡಿವಾಣ ಹಾಕಿದವು. ದಶಕದ ಕೊನೆಯಲ್ಲಿ ಟೆಸ್ಟರ್ಸ್ ಕಂಪನಿ ತನ್ನ ಅಂಟಿಗೆ ಮೂಗು ಉರಿಸುವ ಸಾಸಿವೆಯ ತೈಲವನ್ನು ಬೆರೆಸಿ ಈ ಚಟಕ್ಕೆ ಮದ್ದು ಅರೆಯಿತು. ಪೆಟ್ಟಿಗೆಗಳೂ ಜಾಹೀರಾತುಗಳೂ ಬಹುಮಟ್ಟಿಗೆ ಬಿಳಿಯ ಹುಡುಗರನ್ನೇ ಉದ್ದೇಶಿಸಿದ್ದವು ಎಂಬುದನ್ನೂ ಮರೆಯಬಾರದು. ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದವರ ಕೇರಿಗಳಲ್ಲಿ, ನೆಲಕ್ಕೆ ತಾಗುವಂತೆ ತಗ್ಗಿಸಿದ ಲೋರೈಡರ್ ಕಾರುಗಳ ಮೇಲೆ ಕ್ಯಾಂಡಿ ಬಣ್ಣದ ಅತ್ಯುತ್ತಮ ಕೆಲಸ ನಡೆಯುತ್ತಿದ್ದರೂ, ಲೋರೈಡರ್ ಎಂಬ ಹೆಸರು ಹೊತ್ತ ಕಿಟ್‌ಗಳು ಸಾಲುಸಾಲಾಗಿ ಅಂಗಡಿಗೆ ಬರಲು 1990ರ ದಶಕ ಬೇಕಾಯಿತು.

1960ರ ದಶಕದ ಉತ್ತರಾರ್ಧದಲ್ಲಿ ಮಾದರಿ ಮತ್ತು ವಾಹನಗಳ ನಡುವಿನ ಕೊಡುಕೊಳ್ಳುವಿಕೆ ವಿಚಿತ್ರ ರೂಪ ತಳೆಯಿತು. ಎಎಂಟಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜೀನ್ ವಿನ್‌ಫೀಲ್ಡ್ ಎಂಬ ಕಸ್ಟಮ್ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಪೂರ್ಣ ಗಾತ್ರದ ವಾಹನಗಳನ್ನೇ ಕಟ್ಟಿಸಿತು. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಪುಟ್ಟ ಅಂತರಿಕ್ಷ ನೌಕೆ ಸಿದ್ಧವಾದದ್ದೂ ಅಲ್ಲಿಯೇ. ಡೆಟ್ರಾಯಿಟಿನ ಅಲೆಕ್ಸಾಂಡರ್ ಸಹೋದರರು ಹ್ಯಾರಿ ಬ್ರಾಡ್ಲಿಯ ವಿನ್ಯಾಸದಂತೆ ಡಾಡ್ಜ್ ಎ-100 ಪಿಕಪ್ಪಿನ ಪಕ್ಕದ ಬಾಗಿಲುಗಳನ್ನೇ ತೆಗೆದುಹಾಕಿ, ಮುಂಭಾಗದಿಂದ ಹತ್ತಿ ಕೂರುವಂತೆ ರೂಪಿಸಿದ ಡಿಯೋರಾ, 1967ರಲ್ಲಿ ಡೆಟ್ರಾಯಿಟ್ ಆಟೋರಾಮಾ ಪ್ರದರ್ಶನದ ರಿಡ್ಲರ್ ಪ್ರಶಸ್ತಿಯನ್ನು ಗೆದ್ದು, 1/25 ಅಳತೆಯ ಕಿಟ್ ಆಗಿ, 1968ರಲ್ಲಿ ಹಾಟ್ ವೀಲ್ಸ್ ಆಟಿಕೆಗಳ ಮೊದಲ ಹದಿನಾರರಲ್ಲೊಂದೂ ಆಯಿತು. ಎಲ್ಲಕ್ಕಿಂತ ಮಿಗಿಲಾಗಿ, ಮಾನೋಗ್ರಾಂ ಕಂಪನಿಗೆ ಟಾಮ್ ಡ್ಯಾನಿಯಲ್ ರೂಪಿಸಿದ ರೆಡ್ ಬ್ಯಾರನ್, ಜರ್ಮನ್ ಸೈನಿಕನ ಶಿರಸ್ತ್ರಾಣವನ್ನೇ ಛಾವಣಿಯಾಗಿ ಹೊತ್ತ ಹಾಟ್ ರಾಡ್, ಮೊದಲು ಪ್ಲಾಸ್ಟಿಕ್ ಕಿಟ್ ಆಗಿ ಮಾರಾಟವಾಗಿ, ಅದರ ಜನಪ್ರಿಯತೆಯನ್ನು ಕಂಡ ಮೇಲೆ ಡೆಟ್ರಾಯಿಟಿನ ಚಕ್ ಮಿಲ್ಲರ್ ಅದನ್ನು ನಿಜವಾದ ವಾಹನವಾಗಿ ಕಟ್ಟಿದ.

ಇಳಿಗಾಲ ಬಂದದ್ದು ಹಲವು ದಿಕ್ಕಿನಿಂದ. ವಿದ್ಯುತ್ತಿನಿಂದ ಓಡುವ ಸ್ಲಾಟ್ ಕಾರುಗಳು ಹುಡುಗರನ್ನು ಸೆಳೆದುಕೊಂಡವು, 1973ರ ತೈಲ ಬಿಕ್ಕಟ್ಟು ಪ್ಲಾಸ್ಟಿಕ್ಕಿನ ಬೆಲೆಯನ್ನು ಏರಿಸಿತು, ಕಂಪನಿಗಳು ಕೈ ಬದಲಾಯಿಸಿದವು: ಎಎಂಟಿ 1978ರಲ್ಲಿ ಲೆಸ್ನಿಗೂ ಆಮೇಲೆ ಅರ್ಟಲ್‌ಗೂ ಹೋಯಿತು, ರೆವೆಲ್ ಮತ್ತು ಮಾನೋಗ್ರಾಂ 1986ರಲ್ಲಿ ಒಂದಾದವು. ಮೊದಲ ತಲೆಮಾರಿನ ಹುಡುಗರು ಅಷ್ಟರಲ್ಲಿ ಸಂಬಳ ತರುವ ಗಂಡಸರಾಗಿದ್ದರು. 1979ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭವಾದ ಜಿಎಸ್‌ಎಲ್ ಸ್ಪರ್ಧೆ ಅವರ ಕೆಲಸವನ್ನು ಆಭರಣ ಕುಸುರಿಯ ಮಟ್ಟಕ್ಕೆ ಏರಿಸಿತು. ಪಿಕಪ್‌ಗಳ ವಿಷಯದಲ್ಲಿ ಅಭಿರುಚಿಯೇ ತಿರುಗಿಬಿದ್ದು, ಹೊಳೆಯುವ ಮೈಗಿಂತ ತುಕ್ಕು ಹಿಡಿದ ತೊಟ್ಟಿ, ಬಿಸಿಲಿಗೆ ಮಾಸಿದ ಬಾಗಿಲು, ಸವೆದ ಹಲಗೆಗಳನ್ನು ಬಣ್ಣದಲ್ಲಿ ಮೂಡಿಸುವುದೇ ಈಗ ಹೆಚ್ಚಿನ ಕೌಶಲವೆನಿಸಿದೆ. ಇಂಡಿಯಾನಾ ರಾಜ್ಯದ ರೌಂಡ್ 2 ಕಂಪನಿ ಎಎಂಟಿಯ ಹಳೆಯ ಅಚ್ಚುಗಳಿಂದ ಹಳೆಯ ಚಿತ್ರಗಳ ಪೆಟ್ಟಿಗೆಗಳಲ್ಲೇ ಕಿಟ್‌ಗಳನ್ನು ಮತ್ತೆ ಹೊರತರುತ್ತಿದೆ. ಕೊಳ್ಳುವವರಲ್ಲಿ ಅನೇಕರು ಅವೇ ಕಿಟ್‌ಗಳನ್ನು ಬಾಲ್ಯದಲ್ಲಿ ಒಮ್ಮೆ ಕಟ್ಟಿದ್ದವರು.