ಒಮ್ಮತಕ್ಕೆ ಬಾರದ ಜ್ಯೂರಿಯ ವಿಸರ್ಜನೆ

ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ಸದಸ್ಯರು ಎಷ್ಟು ಚರ್ಚಿಸಿದರೂ ಒಂದು ನಿರ್ಣಯಕ್ಕೆ ಬಾರದಿದ್ದರೆ ಅವರನ್ನು ಬಿಡುಗಡೆ ಮಾಡಲು ನ್ಯಾಯಾಧೀಶರಿಗಿರುವ ಅಧಿಕಾರ. ಇಂಥ ವಿಸರ್ಜನೆಯಿಂದ ಆರೋಪಿ ಖುಲಾಸೆಯಾಗುವುದಿಲ್ಲ. ಸಾಮಾನ್ಯವಾಗಿ ಹೊಸ ಜ್ಯೂರಿಯ ಮುಂದೆ ಮರುವಿಚಾರಣೆ ನಡೆಯಬಹುದು. ಜ್ಯೂರಿಯಿಂದ ಬಲವಂತದ ನಿರ್ಣಯ ಪಡೆಯಬಾರದು, ಒಂದೇ ಆರೋಪಕ್ಕೆ ಒಬ್ಬನನ್ನು ಪದೇ ಪದೇ ಕಟಕಟೆ ಹತ್ತಿಸಬಾರದು ಎಂಬ ಎರಡು ತತ್ತ್ವಗಳ ತಿಕ್ಕಾಟದಲ್ಲಿ ಈ ಅಧಿಕಾರ ರೂಪುಗೊಂಡಿತು.

ಇಂಗ್ಲೆಂಡ್: ಗಂಭೀರ ಅಪರಾಧಗಳಲ್ಲಿ ನಿರ್ಣಯ ಹೇಳುವವರೆಗೆ ಜ್ಯೂರಿಯನ್ನು ಬಿಡುವಂತಿಲ್ಲವೆಂದು 17ನೆಯ ಶತಮಾನದಲ್ಲಿ ನ್ಯಾಯವಿದ ಎಡ್ವರ್ಡ್ ಕೋಕ್ ಬರೆದ. ಅನ್ನ, ನೀರು, ಬೆಂಕಿಯಿಲ್ಲದೆ ಸದಸ್ಯರನ್ನು ಕೂಡಿಹಾಕುವುದು ರೂಢಿಯಾಗಿತ್ತು. ನ್ಯಾಯಾಧೀಶರು ಊರು ಬಿಡುವ ಹೊತ್ತಿಗೂ ಒಮ್ಮತ ಮೂಡದಿದ್ದರೆ ಅವರನ್ನು ಗಾಡಿಯಲ್ಲಿ ಊರಿಂದೂರಿಗೆ ಒಯ್ಯಬಹುದೆಂದು ನ್ಯಾಯವಿದ ಬ್ಲಾಕ್‌ಸ್ಟೋನ್ ದಾಖಲಿಸಿದ್ದಾನೆ. ಕೋಣೆಯಲ್ಲಿ ಬೆಂಕಿ ಕಾಯಿಸಿಕೊಳ್ಳಲು, ಸ್ವಂತ ಖರ್ಚಿನಲ್ಲಿ ಉಪಾಹಾರ ತರಿಸಿಕೊಳ್ಳಲು ಕಾನೂನು ಅನುಮತಿಸಿದ್ದು 1870ರಲ್ಲಿ.

ವಿಸರ್ಜನೆಯ ಅಧಿಕಾರವನ್ನು ಗಟ್ಟಿಗೊಳಿಸಿದ್ದು ಶಾರ್ಲೆಟ್ ವಿನ್ಸರ್ ಪ್ರಕರಣ. ಶಿಶುಹತ್ಯೆಯ ಆರೋಪ ಹೊತ್ತ ಈಕೆಯ ವಿಚಾರಣೆ 1865ರಲ್ಲಿ ಎಕ್ಸೆಟರ್‌ನಲ್ಲಿ ನಡೆಯಿತು. ಶನಿವಾರ ನಡುರಾತ್ರಿ ಸಮೀಪಿಸಿದರೂ ಜ್ಯೂರಿ ಒಮ್ಮತಕ್ಕೆ ಬಾರದಿದ್ದಾಗ ನ್ಯಾಯಾಧೀಶರು ಅದನ್ನು ವಿಸರ್ಜಿಸಿದರು. ಎರಡನೆಯ ವಿಚಾರಣೆಯಲ್ಲಿ, ಸಹ-ಆರೋಪಿಯಾಗಿದ್ದ, ಹತ್ಯೆಯಾದ ಮಗುವಿನ ತಾಯಿಯೇ ಸರ್ಕಾರಿ ಸಾಕ್ಷಿಯಾದಳು. ವಿನ್ಸರ್‌ಗೆ ಮರಣದಂಡನೆ ವಿಧಿಸಲಾಯಿತು. ಮರುವಿಚಾರಣೆಯೇ ಅಕ್ರಮವೆಂದು ಆಕೆ ವಾದಿಸಿದಳು. ವಿಸರ್ಜನೆ ನ್ಯಾಯಾಧೀಶರ ವಿವೇಚನೆಗೆ ಸೇರಿದ್ದೆಂದು 1866ರಲ್ಲಿ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಅವರ ಪೀಠ ಹೇಳಿತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ಆಕೆಯ ಶಿಕ್ಷೆ ಮುಂದೆ ಜೀವಾವಧಿಗೆ ಇಳಿಯಿತು.

ಜ್ಯೂರಿಯ ಮೇಲೆ ನ್ಯಾಯಾಧೀಶರು ಹೇರುವ ಒತ್ತಡಕ್ಕೂ ನ್ಯಾಯಾಲಯಗಳು ಮಿತಿ ಹಾಕಿದವು. 1960ರ ಮೆಕೆನ್ನಾ ಪ್ರಕರಣದಲ್ಲಿ, ಹತ್ತು ನಿಮಿಷದಲ್ಲಿ ನಿರ್ಣಯಿಸಿ, ಇಲ್ಲವಾದರೆ ರಾತ್ರಿಯಿಡೀ ಇರಬೇಕಾದೀತು ಎಂದು ನ್ಯಾಯಾಧೀಶರು ಹೇಳಿದರು. ಆರೇ ನಿಮಿಷದಲ್ಲಿ ‘ತಪ್ಪಿತಸ್ಥರು’ ಎಂಬ ನಿರ್ಣಯ ಬಂತು. ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. 1967ರಲ್ಲಿ ಹನ್ನೆರಡರಲ್ಲಿ ಹತ್ತು ಮಂದಿಯ ಬಹುಮತಕ್ಕೂ ಮಾನ್ಯತೆ ದೊರೆಯಿತು.

ಅಮೆರಿಕ: 1824ರ ಪೆರೆಝ್ ಪ್ರಕರಣದಲ್ಲಿ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಬರೆದ ತೀರ್ಪೇ ಇಂದಿಗೂ ಅಡಿಪಾಯ. ಸ್ಪಷ್ಟ ಅನಿವಾರ್ಯತೆಯಿದ್ದರೆ ಆರೋಪಿಯ ಸಮ್ಮತಿಯಿಲ್ಲದೆಯೂ ಜ್ಯೂರಿಯನ್ನು ವಿಸರ್ಜಿಸಬಹುದು; ಆದರೆ, ವಿಶೇಷವಾಗಿ ಮರಣದಂಡನೆಯ ಪ್ರಕರಣಗಳಲ್ಲಿ, ಅತ್ಯಂತ ಎಚ್ಚರ ಅಗತ್ಯ. ಪರಸ್ಪರರ ಮಾತಿಗೆ ಕಿವಿಗೊಟ್ಟು ಮತ್ತೆ ಯೋಚಿಸಿ ಎಂದು ಜ್ಯೂರಿಗೆ ತಿಳಿಹೇಳುವುದನ್ನು 1896ರ ಅಲೆನ್ ತೀರ್ಪು ಒಪ್ಪಿತು.

ಭಾರತ: 1898ರ ದಂಡ ಪ್ರಕ್ರಿಯಾ ಸಂಹಿತೆಯ 305ನೆಯ ಕಲಂ ಈ ಅಧಿಕಾರವನ್ನು ಲಿಖಿತಗೊಳಿಸಿತು. ಹೈಕೋರ್ಟಿನ ಒಂಬತ್ತು ಸದಸ್ಯರ ಜ್ಯೂರಿಯಲ್ಲಿ ಆರು ಮಂದಿಯೂ ಒಂದಾಗದಿದ್ದರೆ, ಸಮಂಜಸವೆನಿಸಿದಷ್ಟು ಕಾಲ ಕಾದು ನ್ಯಾಯಾಧೀಶರು ಅದನ್ನು ವಿಸರ್ಜಿಸಬೇಕಿತ್ತು. 308ನೆಯ ಕಲಮಿನಂತೆ ಮರುವಿಚಾರಣೆ ಬೇಡವೆನಿಸಿದರೆ ದೋಷಾರೋಪಪತ್ರದ ಮೇಲೆ ಹಾಗೆಂದು ನಮೂದಿಸಬಹುದಿತ್ತು. ಆ ನಮೂದು ಖುಲಾಸೆಗೆ ಸಮವಾಗಿತ್ತು. ಜನರ ತೀರ್ಮಾನವನ್ನೂ ಆರೋಪಿಯ ನೆಮ್ಮದಿಯನ್ನೂ ಒಟ್ಟಿಗೆ ಕಾಪಾಡುವ ಏರ್ಪಾಡಾಗಿ 308ನೆಯ ಕಲಂ ಗಮನಾರ್ಹವಾಗಿತ್ತು. 1973ರ ಹೊಸ ಸಂಹಿತೆಯಲ್ಲಿ ಜ್ಯೂರಿ ವಿಚಾರಣೆಗೆ ಸ್ಥಾನ ಸಿಗಲಿಲ್ಲ.